ಕೂಸಿನ ಕೋಣೆಯ ಬಣ್ಣ



ಮನೆಯಲ್ಲಿ ಕೂಸು ಹುಟ್ಟುವುದೆಂದರೆ ಹೆತ್ತವರಿಗೆ ಮಾತ್ರವಲ್ಲ, ಮನೆಗೇ ಹೊಸ ಕಳೆ ಬಂದಂತೆ. ನಮ್ಮ ಕಡೆಯ ಹಳೆಯ ಮನೆಗಳಲ್ಲಿ ಬಾಣಂತಿಯ ಕೋಣೆಯೇ ಕೂಸಿನ ಕೋಣೆ. ಅಟ್ಟದ ಮೇಲಿದ್ದ ತೊಟ್ಟಿಲನ್ನು ಇಳಿಸಿ, ತೊಳೆದು, ಬಣ್ಣ ಮಾಸಿದ್ದರೆ ಮತ್ತೊಮ್ಮೆ ಬಳಿಸಿ, ಮೆತ್ತನೆಯ ಹಳೆಯ ಸೀರೆಯನ್ನು ಹಾಸಿ, ಮೇಲೆ ಮರದ ಗಿಳಿಗಳನ್ನು ತೂಗುಬಿಟ್ಟರೆ ಅಲಂಕಾರ ಮುಗಿಯುತ್ತಿತ್ತು. ಮಕ್ಕಳಿಗೆಂದೇ ಒಂದು ಕೋಣೆಯನ್ನು ಮೀಸಲಿಟ್ಟು ಅದರ ಗೋಡೆಗಳನ್ನು ಸಿಂಗರಿಸುವ ವಾಡಿಕೆ ಹತ್ತೊಂಬತ್ತನೆಯ ಶತಮಾನದ ಇಂಗ್ಲೆಂಡಿನ ಅನುಕೂಲಸ್ಥ ಮನೆತನಗಳಲ್ಲಿ ಬೇರೂರಿತು. ಈಗ ನಮ್ಮ ನಗರಗಳಿಗೂ ಬಂದಿದೆ. ಆ ಕೋಣೆಯ ಬಣ್ಣಕ್ಕೆ ಒಂದು ಚರಿತ್ರೆಯುಂಟು. ಅದು ಅಕ್ಕರೆಯ ಚರಿತ್ರೆಯೂ ಹೌದು, ಅಜ್ಞಾನದ ಚರಿತ್ರೆಯೂ ಹೌದು.

ಇಂಗ್ಲೆಂಡಿನವರು ಗೋಡೆಗೆ ಸುಣ್ಣ ಬಳಿಯುವುದಕ್ಕೆ ಬದಲಾಗಿ ಚಿತ್ರದ ಕಾಗದವನ್ನು ಅಂಟಿಸುವುದನ್ನು ಬಹುಕಾಲದಿಂದ ಬಲ್ಲರು. ಆದರೆ ಆ ಕಾಗದದ ಮೇಲೆ 1712ರಿಂದ ಸುಂಕವಿದ್ದುದರಿಂದ ಅದು ಸಿರಿವಂತರ ಸೊತ್ತಾಗಿತ್ತು. 1836ರಲ್ಲಿ ಸುಂಕವನ್ನು ತೆಗೆದುಹಾಕಿದರು. 1839ರ ಸುಮಾರಿಗೆ ಲ್ಯಾಂಕಾಷೈರಿನಲ್ಲಿ ಹಲವು ಬಣ್ಣಗಳನ್ನು ಒಮ್ಮೆಗೇ ಅಚ್ಚೊತ್ತುವ ಯಂತ್ರ ಬಳಕೆಗೆ ಬಂದಿತು. ಬೆಲೆ ಇಳಿಯಿತು, ಕೂಲಿಕಾರನ ಮನೆಯ ಗೋಡೆಯೂ ಹೂಬಳ್ಳಿಗಳಿಂದ ತುಂಬಿತು. ಜನರು ಮೆಚ್ಚಿದ ಬಣ್ಣಗಳಲ್ಲಿ ಹಸುರು ಮುಖ್ಯವಾದುದು. ಹೊಗೆ ಕವಿದ ಪಟ್ಟಣದ ಇಕ್ಕಟ್ಟಿನ ಕೋಣೆಗೆ ಎಳೆಚಿಗುರಿನ ಬಣ್ಣವನ್ನು ತಂದುಕೊಡುವ ಕಾಗದವನ್ನು ಯಾವ ತಾಯಿ ತಾನೆ ಒಲ್ಲೆನೆಂದಾಳು?

ಆ ಹಸುರಿನ ಮೂಲವಾದರೋ ಘೋರವಾದುದು. 1775ರಲ್ಲಿ ಸ್ವೀಡನ್ನಿನ ರಸಾಯನಶಾಸ್ತ್ರಜ್ಞ ಷೀಲೆ ಎಂಬಾತನು ತಾಮ್ರವನ್ನೂ ಆರ್ಸೆನಿಕ್ ಎಂಬ ಪಾಷಾಣವನ್ನೂ ಕೂಡಿಸಿ ಒಂದು ಹಸುರು ಬಣ್ಣವನ್ನು ಪಡೆದನು. 1814ರಲ್ಲಿ ಜರ್ಮನಿಯ ಷ್ವೈನ್‌ಫುರ್ಟ್ ಪಟ್ಟಣದಲ್ಲಿ ಅದಕ್ಕಿಂತಲೂ ಉಜ್ಜ್ವಲವಾದ ಇನ್ನೊಂದು ಹಸುರು ಸಿದ್ಧವಾಯಿತು, ಅದರಲ್ಲಿಯೂ ಪಾಷಾಣವೇ. ಇಂತಹ ಕಾಗದವಿರುವ ತೇವದ ಕೋಣೆಗಳಲ್ಲಿ ಒಂದು ಬಗೆಯ ದುರ್ವಾಸನೆ ಹುಟ್ಟುವುದೆಂದೂ ಅಲ್ಲಿ ವಾಸಿಸುವುದು ಅಪಾಯಕರವೆಂದೂ ಜರ್ಮನಿಯ ವಿದ್ವಾಂಸ ಗ್ಮೆಲಿನ್ 1839ರಲ್ಲಿಯೇ ವೃತ್ತಪತ್ರಿಕೆಯ ಮೂಲಕ ಎಚ್ಚರಿಸಿದನು. ಕೇಳಿದವರು ಕೆಲವರೇ.

1862ರಲ್ಲಿ ಲಂಡನ್ನಿನ ಲೈಮ್‌ಹೌಸ್ ಎಂಬ ಬಡಾವಣೆಯಲ್ಲಿ ಒಂದೇ ಸಂಸಾರದ ನಾಲ್ಕು ಮಕ್ಕಳು ಒಬ್ಬರ ಹಿಂದೊಬ್ಬರು ತೀರಿಕೊಂಡರು. ಮೊದಲು ಅದನ್ನು ಗಂಟಲಮಾರಿಯೆಂದು ಭಾವಿಸಲಾಗಿತ್ತು. ಆದರೆ ನೆರೆಹೊರೆಗೆ ರೋಗ ಹರಡದಿದ್ದುದನ್ನು ಕಂಡು ಸಂದೇಹಗೊಂಡ ವೈದ್ಯನೊಬ್ಬನ ಕಣ್ಣು ಗೋಡೆಯ ಹಸುರು ಕಾಗದದ ಮೇಲೆ ಬಿದ್ದಿತು. ಪರೀಕ್ಷೆಯಲ್ಲಿ ಪಾಷಾಣ ಹೇರಳವಾಗಿ ಕಂಡುಬಂದಿತು. ಆದರೂ ವಿಚಾರಣೆ ನಡೆಸಿದ ಜೂರಿಯವರು ಅದು ಸಹಜಮರಣವೆಂದೇ ತೀರ್ಪಿತ್ತರು. ಚೆಂದದ ಗೋಡೆ ಕೊಲ್ಲಬಲ್ಲುದೆಂದು ನಂಬುವುದು ಅವರಿಗೆ ಕಷ್ಟವಾಗಿದ್ದಿರಬೇಕು.

ಗೋಡೆಯ ವಿಷ ದೇಹವನ್ನು ಸೇರುವುದು ಹೇಗೆಂಬುದು ಬಹುಕಾಲ ಚರ್ಚೆಯ ವಿಷಯವಾಗಿತ್ತು. ಕಾಗದದ ಅಂಟಿನಲ್ಲಿ ಬೆಳೆಯುವ ಬೂಷ್ಟು ಪಾಷಾಣವನ್ನು ಅನಿಲವನ್ನಾಗಿ ಮಾರ್ಪಡಿಸುವುದೆಂದು ಇಟಲಿಯ ಗೋಸಿಯೋ 1890ರ ದಶಕದಲ್ಲಿ ತೋರಿಸಿದನು. ಆ ಅನಿಲವೊಂದೇ ಪ್ರಾಣ ತೆಗೆಯುವಷ್ಟು ಪ್ರಬಲವೆ ಎಂಬುದರಲ್ಲಿ ಈಚಿನ ವಿಜ್ಞಾನಿಗಳಿಗೆ ಸಂದೇಹವುಂಟು. ಆದರೆ ಉದುರಿದ ಬಣ್ಣದ ಧೂಳಿನ ವಿಷಯದಲ್ಲಿ ಅಂತಹ ಸಂದೇಹಕ್ಕೆ ಎಡೆಯಿಲ್ಲ. ದೊಡ್ಡವರು ಗೋಡೆಯನ್ನು ನೋಡುತ್ತಾರೆ; ಮಗುವಾದರೋ ಮುಟ್ಟುತ್ತದೆ, ಕೆರೆಯುತ್ತದೆ, ಆ ಬೆರಳನ್ನೇ ಬಾಯಿಗಿಡುತ್ತದೆ.

ಬ್ರಿಟನ್ನಿನಲ್ಲಿ ಈ ಕಾಗದವನ್ನು ಕಾನೂನು ನಿಷೇಧಿಸಲಿಲ್ಲ. ಕೊಳ್ಳುವವರ ಭಯವೇ ಅದನ್ನು ಅಂಗಡಿಯಿಂದ ಹೊರಕ್ಕೆ ಹಾಕಿತು. ಪಾಷಾಣವಿಲ್ಲದ, ತೊಳೆಯಬಹುದಾದ ಕಾಗದಗಳೆಂದು ವ್ಯಾಪಾರಿಗಳೇ ಸಾರತೊಡಗಿದರು. ಪ್ರಸಿದ್ಧ ಚಿತ್ರಕಾರ ವಾಲ್ಟರ್ ಕ್ರೇನ್ 1875ರಲ್ಲಿ ಮಕ್ಕಳ ಪದ್ಯವೊಂದರ ರಾಣಿಯನ್ನು ಚಿತ್ರಿಸಿ, ಶಿಶುಕೋಣೆಗೆಂದೇ ಒಂದು ಗೋಡೆಯ ಕಾಗದವನ್ನು ರಚಿಸಿಕೊಟ್ಟನು. ಮಗುವಿನ ಕಣ್ಣಿಗೆ ಬೇಕಾದುದನ್ನು ಮಗುವಿಗಾಗಿಯೇ ಬರೆಯುವ ಕಾಲ ಹೀಗೆ ಬಂದಿತು.

ಆದರೆ ಪಾಷಾಣ ಹೋದರೂ ಸೀಸ ಉಳಿದಿತ್ತು. ಬಿಳಿ ಬಣ್ಣವೆಂದರೆ ಆಗ ಬಹುಮಟ್ಟಿಗೆ ಸೀಸದ ಬಿಳುಪೇ. ಆಸ್ಟ್ರೇಲಿಯದ ಬ್ರಿಸ್ಬೇನ್ ನಗರದ ವೈದ್ಯರು 1892ರಲ್ಲಿ ಮಕ್ಕಳಲ್ಲಿ ಸೀಸದ ವಿಷವನ್ನು ಗುರುತಿಸಿದರು. ಅದು ಎಲ್ಲಿಂದ ಬರುತ್ತದೆಂಬುದು ಹನ್ನೆರಡು ವರ್ಷ ಒಗಟಾಗಿಯೇ ಉಳಿಯಿತು. 1904ರಲ್ಲಿ ಕಣ್ಣಿನ ವೈದ್ಯ ಲಾಕ್‌ಹಾರ್ಟ್ ಗಿಬ್ಸನ್ ಆ ಒಗಟನ್ನು ಬಿಡಿಸಿದನು: ಜಗಲಿಯ ಕಟಕಟೆಗೂ ಕೋಣೆಯ ಗೋಡೆಗೂ ಬಳಿದ ಬಣ್ಣ ಬಿಸಿಲಿಗೆ ಹಿಟ್ಟಾಗಿ ಮಕ್ಕಳ ಕೈಗೆ ಅಂಟುತ್ತಿತ್ತು. ಬೆರಳು ಚೀಪುವ, ಉಗುರು ಕಡಿಯುವ ಮಕ್ಕಳೇ ಹೆಚ್ಚಾಗಿ ರೋಗಕ್ಕೆ ತುತ್ತಾಗುತ್ತಿದ್ದರು. 1914ರಲ್ಲಿ ಅಮೆರಿಕದ ಬಾಲ್ಟಿಮೋರಿನ ವೈದ್ಯರು ಒಬ್ಬ ಬಾಲಕನ ಮರಣದ ವಿವರವನ್ನು ಪ್ರಕಟಿಸಿದರು. ಆತನು ಕಚ್ಚಿ ನುಂಗಿದುದು ತಾನು ಮಲಗುತ್ತಿದ್ದ ಮಂಚದ ಕಂಬಿಯ ಬಿಳಿಯ ಬಣ್ಣವನ್ನು.

ತಿಳಿವಿಗೂ ಕಾನೂನಿಗೂ ನಡುವಣ ದಾರಿ ಎಷ್ಟು ದೀರ್ಘವೆಂಬುದನ್ನು ನೋಡಿ. ಕ್ವೀನ್ಸ್‌ಲ್ಯಾಂಡ್ ಪ್ರಾಂತವು 1922ರಲ್ಲಿ ಮಕ್ಕಳ ಕೈಗೆಟುಕುವ ಜಾಗಗಳಲ್ಲಿ ಸೀಸದ ಬಣ್ಣವನ್ನು ತಡೆಯಿತು. ಅಮೆರಿಕ ಅದನ್ನು ಮನೆಗಳಿಂದ ನಿಷೇಧಿಸಿದುದು 1978ರಲ್ಲಿ. ನಮ್ಮ ದೇಶದಲ್ಲಿ ನಿಯಮ ಹೊರಟಿದ್ದು 2016ರಲ್ಲಿ. 2017ರ ನವೆಂಬರ್ 1ರಿಂದ ಮನೆಯ ಬಣ್ಣದಲ್ಲಿ ಸೀಸವು ಹತ್ತು ಲಕ್ಷ ಪಾಲಿಗೆ 90 ಪಾಲನ್ನು ಮೀರಕೂಡದೆಂದು ಗೊತ್ತಾಯಿತು. ನುಂಗಿದ ಸೀಸವನ್ನು ದೊಡ್ಡವರ ದೇಹಕ್ಕಿಂತ ನಾಲ್ಕೈದು ಪಾಲು ಹೆಚ್ಚಾಗಿ ಹೀರಿಕೊಳ್ಳಬಲ್ಲ ಎಳೆಯ ದೇಹಕ್ಕೆ ಇಷ್ಟು ಸೀಸ ಬಾಧಕವಲ್ಲವೆಂದು ಹೇಳಬಹುದಾದ ಮಿತಿ ಯಾವುದೂ ಇದುವರೆಗೆ ಕಂಡುಬಂದಿಲ್ಲ. ಅದು ಮಿದುಳಿಗೆ ಮಾಡುವ ಹಾನಿ ಮರಳಿ ಸರಿಹೋಗತಕ್ಕದ್ದಲ್ಲ.

ಇದನ್ನೆಲ್ಲ ಪರದೇಶದ ಕಥೆಯೆಂದು ಕೇಳಿ ಮರೆಯುವಂತಿಲ್ಲ. ಪಾಷಾಣದ ಹಳದಿಯಾದ ಹರಿತಾಳವೂ ಸೀಸದ ಕೆಂಪಾದ ಸಿಂಧೂರವೂ ನಮ್ಮ ನಾಡಿನ ಬಣ್ಣಗಾರರಿಗೆ ಪುರಾತನ ಕಾಲದಿಂದ ಪರಿಚಿತವಾದವು. ನಾನು ಮೊದಲು ಹೇಳಿದ ಅಟ್ಟದ ತೊಟ್ಟಿಲನ್ನೇ ನೆನೆಯಿರಿ. ಮೂರು ತಲೆಮಾರಿನ ಕೂಸುಗಳು ಮಲಗಿದ ಆ ತೊಟ್ಟಿಲಿಗೆ ಮೂರು ಸಲವಾದರೂ ಬಣ್ಣ ಬಿದ್ದಿರಬಹುದು. ಮೇಲಿನ ಪದರ ಹೊಸದಾದರೂ ಅಡಿಯದು ಹಳೆಯದೇ. ಹಲ್ಲು ಮೂಡುವ ಕೂಸು ಕಚ್ಚುವುದು ಎಲ್ಲ ಪದರಗಳನ್ನೂ ಒಟ್ಟಿಗೆ. ಹಳೆಯ ಗೋಡೆಯನ್ನು ಒಣಗಿದಂತೆಯೇ ಉಜ್ಜಿದರೆ ಏಳುವ ಧೂಳೂ ಅಂಥದೇ. ಗರ್ಭಿಣಿಯ ರಕ್ತವನ್ನು ಸೇರಿದ ಸೀಸ ಗರ್ಭದ ಶಿಶುವನ್ನೂ ಮುಟ್ಟುತ್ತದೆ. ಆದುದರಿಂದ ಇಂತಹ ಕೆಲಸವನ್ನು ಆಕೆ ಮನೆಯಲ್ಲಿಲ್ಲದಾಗ, ಗೋಡೆಯನ್ನು ತೋಯಿಸಿ ಮಾಡಿಸುವುದು ಲೇಸು. ಕೊಳ್ಳುವ ಬಣ್ಣದ ಡಬ್ಬಿಯ ಮೇಲೆ ಸೀಸದ ಮಾತು ಏನಿದೆಯೆಂದು ಓದುವುದು ಲೇಸು.

ಲೈಮ್‌ಹೌಸಿನ ಗೋಡೆಗೆ ಆ ಹಸುರು ಕಾಗದವನ್ನು ಅಂಟಿಸಿದವರು ಮಕ್ಕಳ ಹಗೆಗಳಲ್ಲ. ಮನೆ ಚೆನ್ನಾಗಿರಲೆಂದು ಬಯಸಿದವರು. ಅವರಿಗೆ ಪ್ರೀತಿ ಸಾಲದೆ ಹೋಗಲಿಲ್ಲ, ತಿಳಿವು ಸಾಲದೆ ಹೋಯಿತು. ನಮಗೆ ಆ ತಿಳಿವು ಬಂದಿದೆ. ಅದಕ್ಕೆ ಬೆಲೆ ತೆತ್ತವರು ಮಕ್ಕಳು. ಬರಲಿರುವ ಕೂಸಿಗಾಗಿ ಕೋಣೆಯನ್ನು ಸಿಂಗರಿಸುವಾಗ ಅವರ ನೆನಪು ನಮಗಿರಲಿ.