ಆಘಾತ, ಗಾಯ, ಒಳಪೆಟ್ಟು: ಒಂದು ಅರ್ಥವಿಚಾರ

ಮುಂಬಯಿಯ ಜೋಗೇಶ್ವರಿಯಲ್ಲಿ ವೆಸ್ಟರ್ನ್ ಎಕ್ಸ್‌ಪ್ರೆಸ್ ಹೆದ್ದಾರಿಯ ಬದಿಗೆ ಮಹಾನಗರಪಾಲಿಕೆಯ ಟ್ರಾಮಾ ಕೇರ್ ಆಸ್ಪತ್ರೆಯು 2013ರಲ್ಲಿ ಆರಂಭವಾಯಿತು. ಅದರ ಹೆಸರಿನಲ್ಲಿರುವ 'ಟ್ರಾಮಾ' ಪದವನ್ನು ಕನ್ನಡಿಸಹೊರಟರೆ ನಮಗೆ ಥಟ್ಟನೆ ಹೊಳೆಯುವುದು 'ಆಘಾತ'. ಈ ಪದದ ಲೋಕರೂಢಿಯ ಅರ್ಥಕ್ಕೂ ವೈದ್ಯಕೀಯ ಅರ್ಥಕ್ಕೂ ಇರುವ ಅಂತರವನ್ನು ಇಲ್ಲಿ ಪರಿಶೀಲಿಸಬಹುದು.

ಆಘಾತವು 'ಹನ್' ಧಾತುವಿನಿಂದ ಬಂದುದು. ಹೊಡೆತವೇ ಅದರ ಮೂಲಾರ್ಥ. ಅದೇ ಧಾತುವಿನ 'ಘಾತ'ವು ಪ್ರಾಕೃತದ ಹಾದಿಯಲ್ಲಿ ಸವೆದು ಕನ್ನಡದ 'ಗಾಯ'ವಾಯಿತು. ಮರಾಠಿಯ 'ಘಾವ' ಅದರ ಒಡಹುಟ್ಟು. ಬೇರು ಒಂದೇ ಆದರೂ ಬಳಕೆಯಲ್ಲಿ ತದ್ಭವವು ಮೈಯಲ್ಲಿ ಉಳಿಯಿತು, ತತ್ಸಮವು ಮನಸ್ಸಿಗೆ ಏರಿತು. ಮೊಣಕಾಲು ತರಚಿದರೆ ಗಾಯ. ಬಂಧುವಿನ ಮರಣವಾರ್ತೆ ಆಘಾತ. ಗ್ರೀಕಿನ 'ಟ್ರಾಮಾ'ದ ನಡೆಯೂ ಇಂಥದೇ. ಗಾಯವೆಂಬ ಅರ್ಥದ ಆ ಪದವನ್ನು 19ನೆಯ ಶತಮಾನದ ಉತ್ತರಾರ್ಧದಲ್ಲಿ ಯುರೋಪಿನ ವೈದ್ಯರು ಮನಸ್ಸಿನ ನೋವಿಗೂ ವಿಸ್ತರಿಸಿದರು. 1980ರಲ್ಲಿ ಅಮೆರಿಕದ ಮನೋವೈದ್ಯ ಸಂಘವು ಆಘಾತೋತ್ತರ ಒತ್ತಡದ ಬೇನೆಯನ್ನು ತನ್ನ ರೋಗಸೂಚಿಯಲ್ಲಿ ಸೇರಿಸಿತು. ಶಸ್ತ್ರವೈದ್ಯರಿಗೆ ಮಾತ್ರ ಟ್ರಾಮಾ ಎಂದರೆ ಇಂದಿಗೂ ದೇಹಕ್ಕೆ ಬಿದ್ದ ಪೆಟ್ಟೇ.

ತೊಡಕು ಇಷ್ಟಕ್ಕೇ ನಿಲ್ಲದು. 'ಶಾಕ್' ಎಂಬುದಕ್ಕೂ ನಾವು ಆಘಾತವೆಂದೇ ಬರೆಯುತ್ತೇವೆ. ವೈದ್ಯಶಾಸ್ತ್ರದಲ್ಲಿ ಶಾಕ್ ಎಂದರೆ ರಕ್ತಪರಿಚಲನೆ ಕುಸಿದು ಅಂಗಾಂಗಗಳಿಗೆ ಆಮ್ಲಜನಕ ಸಾಲದಾಗುವ ಸ್ಥಿತಿ. ಚಿಕಿತ್ಸೆ ತಡವಾದರೆ ಪ್ರಾಣವೇ ಹೋದೀತು. 'ಗಾಯಾಳು ಆಘಾತದಲ್ಲಿದ್ದಾರೆ' ಎಂಬ ಮಾತನ್ನು ಕೇಳಿದ ಮನೆಯವರು, ಹೆದರಿದ್ದಾರೆಂದು ತಿಳಿದು ಸಮಾಧಾನ ಹೇಳುತ್ತ ಕುಳಿತರೆ ಅವರನ್ನು ದೂರಲಾಗದು. ಪದವೇ ಅವರನ್ನು ಅತ್ತ ಒಯ್ದಿರುತ್ತದೆ.

ಪ್ರಾಚೀನರು ಈ ವಿಷಯದಲ್ಲಿ ಎಚ್ಚರ ವಹಿಸಿದ್ದರು. ಸುಶ್ರುತಸಂಹಿತೆಯು ವ್ರಣವನ್ನು ಶಾರೀರ, ಆಗಂತು ಎಂದು ಎರಡಾಗಿ ವಿಂಗಡಿಸುತ್ತದೆ. ಹೊರಗಿನ ಪೆಟ್ಟಿನಿಂದಾದ ಸದ್ಯೋವ್ರಣದಲ್ಲಿ ಛಿನ್ನ, ಭಿನ್ನ, ವಿದ್ಧ, ಕ್ಷತ, ಪಿಚ್ಚಿತ, ಘೃಷ್ಟ ಎಂಬ 6 ಬಗೆಗಳನ್ನು ಎಣಿಸುತ್ತದೆ. ಕಡಿದದ್ದು, ಚುಚ್ಚಿದ್ದು, ಜಜ್ಜಿದ್ದು, ಉಜ್ಜಿದ್ದು ಇವುಗಳಿಗೆ ಒಂದೊಂದಕ್ಕೂ ಅಲ್ಲಿ ಬೇರೆಯೇ ಹೆಸರು.

ಆಡುಗನ್ನಡದಲ್ಲೂ ಇಂಥ ವಿವೇಕವಿದೆ. ಗಾಯವೆಂದರೆ ಸಾಮಾನ್ಯವಾಗಿ ಚರ್ಮ ಹರಿದದ್ದು. ಚರ್ಮ ಹರಿಯದೆ ಒಳಗೆ ತಗುಲಿದ್ದು ಒಳಪೆಟ್ಟು. ಟ್ರಾಮಾ ಎರಡನ್ನೂ ಒಳಗೊಳ್ಳುವುದರಿಂದ 'ಗಾಯ-ಪೆಟ್ಟು' ಎಂಬ ಜೋಡಿಯೇ ಅದಕ್ಕೆ ಹತ್ತಿರ. 'ಹೃದಯಾಘಾತ'ದಂಥ ನೆಲೆನಿಂತ ಸಮಾಸಗಳನ್ನು ಕದಲಿಸಬೇಕಿಲ್ಲ. ಆದರೆ ಬಿಡಿಯಾಗಿ ಬಂದಾಗ ಆಘಾತವನ್ನು ಮನಸ್ಸಿಗೆ ಬಿಟ್ಟು, ಶಾಕ್ ಅನ್ನು ರಕ್ತಪರಿಚಲನೆಯ ಕುಸಿತವೆಂದು ಬಿಡಿಸಿ ಹೇಳುವುದು ಲೇಸು. ಹೊರನಾಡಿನಲ್ಲಿದ್ದು ಪದಕೋಶಗಳನ್ನು ಸಿದ್ಧಪಡಿಸುವ ವಿದ್ವಾಂಸರು ಸಂಸ್ಕೃತದತ್ತ ಕೈಚಾಚುವ ಮುನ್ನ ಮನೆಮಾತಿನ ಈ ಪದಗಳನ್ನು ಒಮ್ಮೆ ತೂಗಿ ನೋಡಬೇಕೆಂಬುದು ನಮ್ಮ ಅಭಿಪ್ರಾಯ.