ಬೀದಿಯ ಹೆಸರಿನಿಂದ ಕಿರು ಜಾಹೀರಾತಿಗೆ

ಹಳೆಯ ಪತ್ರಿಕೆಗಳ ಸಂಪುಟಗಳನ್ನು ತಿರುವಿ ಹಾಕುವ ಸಂಶೋಧಕರು ಸಾಮಾನ್ಯವಾಗಿ ಮುಖಪುಟದ ಸುದ್ದಿಯನ್ನೂ ಸಂಪಾದಕೀಯವನ್ನೂ ಓದಿ ಟಿಪ್ಪಣಿ ಮಾಡಿಕೊಳ್ಳುತ್ತಾರೆ. ಒಳಪುಟಗಳ ಮೂಲೆಯಲ್ಲಿ ಎರಡು ಬೆರಳಗಲದ ಜಾಗದಲ್ಲಿ ಅಚ್ಚಾಗಿರುವ ದರ್ಜಿಯ, ಬಡಗಿಯ, ಟೈಪಿಂಗ್ ಕಲಿಸುವ ಮೇಷ್ಟರ, ಹಲ್ಲಿನ ಡಾಕ್ಟರರ ಜಾಹೀರಾತುಗಳನ್ನು ದಾಟಿ ಮುಂದೆ ಹೋಗುತ್ತಾರೆ. ಆದರೆ ಸರಕಾರದ ದಾಖಲೆಗಳಲ್ಲಿ ಹೆಸರಿಲ್ಲದ, ಯಾರ ಆತ್ಮಕಥೆಯಲ್ಲೂ ಬಾರದ ದುಡಿಯುವ ಜನ ತಮ್ಮ ಹೆಸರನ್ನು ತಾವೇ ಅಚ್ಚು ಹಾಕಿಸಿಕೊಂಡ ಜಾಗವೊಂದಿದ್ದರೆ ಅದು ಈ ಮೂಲೆಯೇ. ನಮ್ಮ ಊರುಗಳಲ್ಲಿ ಅಪರಿಚಿತರು ಅಪರಿಚಿತರನ್ನು ಹೇಗೆ ನಂಬಿದರು ಎಂಬುದರ ಚರಿತ್ರೆ ಅಲ್ಲಿದೆ.

ಕನ್ನಡದ ಮೊದಲ ಪತ್ರಿಕೆ ಎನಿಸಿದ 'ಮಂಗಳೂರ ಸಮಾಚಾರ' 1843ರ ಜುಲೈ 1ರಂದು ಹೊರಬಂತು. ಬಾಸೆಲ್ ಮಿಷನ್ನಿನ ಹರ್ಮನ್ ಮೋಗ್ಲಿಂಗ್ ಅದನ್ನು ಕಲ್ಲಚ್ಚಿನಲ್ಲಿ ಮುದ್ರಿಸಿದರು. ಊರಿನ ಸಮಾಚಾರ ಊರಿನ ಜನರಿಗೆ ಅವರದೇ ನುಡಿಯಲ್ಲಿ ತಲುಪಬೇಕೆಂಬ ಆಸೆ ಅಲ್ಲಿಂದ ಶುರುವಾಯಿತು. ಮುಂದೆ ಜಿಲ್ಲೆಗೊಂದು, ತಾಲೂಕಿಗೊಂದು ಪತ್ರಿಕೆ ಹುಟ್ಟಿದಾಗ ಅವುಗಳನ್ನು ಬದುಕಿಸಿದ್ದು ಕೇವಲ ಚಂದಾ ಹಣವಲ್ಲ, ಊರಿನ ಅಂಗಡಿಯವರು ಮತ್ತು ಕಸುಬುದಾರರು ಕೊಟ್ಟ ಸಣ್ಣಪುಟ್ಟ ಜಾಹೀರಾತುಗಳು ಕೂಡಾ. ಈ ಕಥೆಯನ್ನು ಬೆಂಗಳೂರಿನ ಪಶ್ಚಿಮ ಭಾಗವನ್ನು ಮುಂದಿಟ್ಟುಕೊಂಡು ನೋಡಿದರೆ ಒಂದು ಸಂಗತಿ ಸ್ಪಷ್ಟವಾಗುತ್ತದೆ.

ಹೆಸರೇ ವಿಳಾಸವಾಗಿದ್ದ ಪೇಟೆ

ಬೆಂಗಳೂರಿನ ಹಳೆಯ ಪೇಟೆಯಲ್ಲಿ ಕಸುಬುದಾರನಿಗೆ ಜಾಹೀರಾತು ಬೇಕಿರಲಿಲ್ಲ. ಬೀದಿಯ ಹೆಸರೇ ಅವನ ಜಾಹೀರಾತು. ಅರಳೆ ಬೇಕಾದವನು ಅರಳೇಪೇಟೆಗೆ, ಬಳೆ ಬೇಕಾದವಳು ಬಳೇಪೇಟೆಗೆ, ಅಕ್ಕಿಗೆ ಅಕ್ಕಿಪೇಟೆಗೆ, ಮಡಕೆಗೆ ಕುಂಬಾರಪೇಟೆಗೆ, ಎಣ್ಣೆಗೆ ಗಾಣಿಗರಪೇಟೆಗೆ ಹೋದರೆ ಮುಗಿಯಿತು. ಅಲ್ಲಿ ತಂದೆಯ ಕಸುಬು ಮಗನಿಗೆ ಬರುತ್ತಿತ್ತು. ಗಿರಾಕಿಯ ಮನೆತನವೂ ತಲೆಮಾರುಗಳಿಂದ ಗೊತ್ತಿರುತ್ತಿತ್ತು. ಕೆಲಸ ಕೆಟ್ಟರೆ ಇಡೀ ಬೀದಿಗೆ ಕೆಟ್ಟ ಹೆಸರು ಎಂಬ ಅಂಜಿಕೆಯೇ ಗ್ಯಾರಂಟಿಯಾಗಿತ್ತು. ಹಳ್ಳಿಗಳ ಕಡೆಗೆ ಹೋಗುತ್ತಿದ್ದ ಕಲಾಯಿಯವರು ಮತ್ತು ಅರಳೆ ಹಿಂಜಿ ಹಾಸಿಗೆ ಮಾಡುತ್ತಿದ್ದ ಪಿಂಜಾರರು (ನದಾಫರು) ಕೂಡಾ ಅಚ್ಚಿನ ಅಕ್ಷರಕ್ಕೆ ಕಾದವರಲ್ಲ. ಕಲಾಯಿಯವನ ಕೂಗು, ಪಿಂಜಾರನ ಬಿಲ್ಲಿನ ನಾರಿಯ ಸದ್ದು ಬೀದಿಯ ತಿರುವಿನಲ್ಲೇ ಕೇಳಿಸುತ್ತಿತ್ತು. ಮನೆಯೊಳಗಿನಿಂದ ಹಂಡೆ, ತಪ್ಪಲೆ, ಹಳೆಯ ಹಾಸಿಗೆಗಳು ತಾವಾಗಿ ಹೊರಬರುತ್ತಿದ್ದವು.

ಕೆಂಗೇರಿಯೂ ಹಾಗೆಯೇ ಇದ್ದ ಊರು. ಮೈಸೂರು ರಸ್ತೆಯ ಈ ಸಣ್ಣ ಪಟ್ಟಣಕ್ಕೆ ತನ್ನದೇ ಪುರಸಭೆ ಇತ್ತು. 2007ರಲ್ಲಿ ಏಳು ನಗರಸಭೆಗಳು ಮತ್ತು 110 ಹಳ್ಳಿಗಳೊಂದಿಗೆ ಅದೂ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆಯೊಳಗೆ ಸೇರಿತು. 2025ರಲ್ಲಿ ಆ ಪಾಲಿಕೆಯೂ ಹೋಗಿ ಅದರ ಜಾಗದಲ್ಲಿ ಐದು ಪಾಲಿಕೆಗಳು ಬಂದವು. ಊರಿನ ಆಡಳಿತದ ಹೆಸರು ಇಷ್ಟು ಸಲ ಬದಲಾದರೂ, ಮನೆಯ ನಲ್ಲಿ ಸೋರಿದರೆ ಯಾರನ್ನು ಕರೆಯಬೇಕೆಂಬ ಪ್ರಶ್ನೆ ಮಾತ್ರ ಹಾಗೆಯೇ ಉಳಿದಿದೆ.

ನಂಬರಿನ ಬಡಾವಣೆಗಳು

1945ರಲ್ಲಿ ಬೆಂಗಳೂರಿನಲ್ಲಿ ಸಿಟಿ ಇಂಪ್ರೂವ್‌ಮೆಂಟ್ ಟ್ರಸ್ಟ್ ಬೋರ್ಡ್ ಸ್ಥಾಪನೆಯಾಯಿತು. ಸ್ವಾತಂತ್ರ್ಯದ ನಂತರದ ವರ್ಷಗಳಲ್ಲಿ ನಗರದ ಪಶ್ಚಿಮಕ್ಕೆ ರೂಪುಗೊಂಡ ದೊಡ್ಡ ಬಡಾವಣೆಗೆ ಭಾರತದ ಕೊನೆಯ ಗವರ್ನರ್ ಜನರಲ್ ಸಿ. ರಾಜಗೋಪಾಲಾಚಾರಿಯವರ ನೆನಪಿನಲ್ಲಿ ರಾಜಾಜಿನಗರ ಎಂದು ಹೆಸರಿಡಲಾಯಿತು. ಕೈಗಾರಿಕಾ ವಸಾಹತು, ಇ.ಎಸ್.ಐ. ಆಸ್ಪತ್ರೆ, ಕಾರ್ಮಿಕರ ಮನೆಗಳು ಬಂದವು. ವಿಜಯನಗರ, ಬಸವೇಶ್ವರನಗರಗಳೂ ಬೆಳೆದವು. 1976ರಲ್ಲಿ ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರ ಬಂತು. 1971ರಲ್ಲಿ ಸುಮಾರು ಹದಿನಾರೂವರೆ ಲಕ್ಷವಿದ್ದ ನಗರದ ಜನಸಂಖ್ಯೆ 1981ರ ಹೊತ್ತಿಗೆ ಸುಮಾರು 29 ಲಕ್ಷಕ್ಕೆ ಏರಿತು.

ಈ ಹೊಸ ಬಡಾವಣೆಗಳಲ್ಲಿ ಕಸುಬಿನ ಹೆಸರಿನ ಬೀದಿಗಳಿಲ್ಲ. ಒಂದನೇ ಬ್ಲಾಕ್, ಎರಡನೇ ಹಂತ, ಮೂರನೇ ಮುಖ್ಯರಸ್ತೆ, ನಾಲ್ಕನೇ ಅಡ್ಡರಸ್ತೆ ಎಂಬ ನಂಬರುಗಳು ಮಾತ್ರ. ಹಾಸನದಿಂದ ಬಂದ ಗುಮಾಸ್ತ, ತುಮಕೂರಿನಿಂದ ಬಂದ ಫಿಟ್ಟರ್, ಧಾರವಾಡದಿಂದ ಬಂದ ಮೇಷ್ಟರು ಪಕ್ಕಪಕ್ಕದ ಮನೆಗಳಲ್ಲಿ ನೆಲೆಸಿದರು. ಯಾರಿಗೂ ಯಾರೂ ಗೊತ್ತಿಲ್ಲ. ಒಳ್ಳೆಯ ದರ್ಜಿ ಎಲ್ಲಿದ್ದಾನೆಂದು ಹೇಳಲು ಅಜ್ಜನ ಕಾಲದ ನೆನಪಿಲ್ಲ. ಇತ್ತ ಬಿನ್ನಿಪೇಟೆ, ಗೋರಿಪಾಳ್ಯ, ಪಾದರಾಯನಪುರ, ಜಗಜೀವನರಾಮ್ ನಗರಗಳ ಕಡೆ ಕೈಕೆಲಸ ಬಲ್ಲ ಜನರಿದ್ದರು, ಅವರಲ್ಲಿ ಮುಸ್ಲಿಮರು ಬಹಳ. ವೆಲ್ಡಿಂಗ್, ಮೆಕ್ಯಾನಿಕ್ ಕೆಲಸ, ಪೀಠೋಪಕರಣ, ಹಾಸಿಗೆ, ಬಣ್ಣ ಬಳಿಯುವುದು ಅವರ ಜೀವನೋಪಾಯ. ಗಿರಾಕಿ ಇರುವ ಬಡಾವಣೆಗೂ ಕಸುಬುದಾರನಿರುವ ಗಲ್ಲಿಗೂ ನಡುವೆ ಒಂದೆರಡು ಮೈಲಿ ದೂರ. ಆ ದೂರವನ್ನು ಮುಚ್ಚಲು ಅಚ್ಚಾದ ಕಾಗದ ಬೇಕಾಯಿತು. ಪತ್ರಿಕೆಯ ಕಿರು ಜಾಹೀರಾತು, ಪತ್ರಿಕೆಯೊಳಗೆ ಮಡಚಿಟ್ಟು ಹಂಚುವ ಕರಪತ್ರ, ಹಬ್ಬದ ವಿಶೇಷಾಂಕದ ಶುಭಾಶಯ ಇವೆಲ್ಲ ಹುಟ್ಟಿದ ಅಗತ್ಯ ಇದು.

ಮೊಳೆ, ಬ್ಲಾಕ್ ಮತ್ತು ಪಿ.ಪಿ. ನಂಬರು

ಮೊಳೆ ಜೋಡಿಸಿ ಟ್ರೆಡಲ್ ಯಂತ್ರದಲ್ಲಿ ಮುದ್ರಿಸುತ್ತಿದ್ದ ಕಾಲದಲ್ಲಿ ಚಿತ್ರ ಬೇಕೆಂದರೆ ಸತುವಿನ ಬ್ಲಾಕ್ ಮಾಡಿಸಬೇಕಿತ್ತು. ಅದಕ್ಕೆ ಬೇರೆ ಖರ್ಚು. ಹಾಗಾಗಿ ಬಡ ಕಸುಬುದಾರನ ಜಾಹೀರಾತಿನಲ್ಲಿ ಚಿತ್ರವಿಲ್ಲ. ದಪ್ಪ ಅಕ್ಷರದಲ್ಲಿ ಹೆಸರು, ಕೆಳಗೆ ಕಸುಬು, ಸುತ್ತ ಒಂದು ಗೆರೆಯ ಚೌಕಟ್ಟು. ಜಾಗಕ್ಕೆ ತಕ್ಕ ದುಡ್ಡು ತೆರಬೇಕಾದ್ದರಿಂದ ಮಾತೂ ಮಿತ. ಸಣ್ಣ ಪತ್ರಿಕೆಗಳಲ್ಲಿ ಸುದ್ದಿ ತರುವವನೇ ಜಾಹೀರಾತನ್ನೂ ಸಂಗ್ರಹಿಸುತ್ತಿದ್ದುದು ಅಪರೂಪವಲ್ಲ. ಯುಗಾದಿ, ರಂಝಾನ್, ದೀಪಾವಳಿ, ರಾಜ್ಯೋತ್ಸವಗಳ ವಿಶೇಷಾಂಕಗಳಲ್ಲಿ 'ಶುಭಾಶಯ ಕೋರುವವರು' ಎಂಬ ಸಾಲಿನ ಕೆಳಗೆ ಗ್ಯಾರೇಜಿನವರೂ ಬೇಕರಿಯವರೂ ವಕೀಲರೂ ಒಂದೇ ಪುಟದಲ್ಲಿ ಕೂಡುತ್ತಿದ್ದರು.

ಆ ಜಾಹೀರಾತುಗಳಲ್ಲಿ ಕಾಣುತ್ತಿದ್ದ 'ಪಿ.ಪಿ.' ಎಂಬ ಎರಡಕ್ಷರಗಳನ್ನು ಇಂದಿನ ತರುಣರಿಗೆ ವಿವರಿಸಬೇಕಾಗುತ್ತದೆ. ಮನೆಗೆ ಫೋನ್ ಬರಲು ವರ್ಷಗಟ್ಟಲೆ ಕಾಯಬೇಕಿದ್ದ ಕಾಲವದು. ಸ್ವಂತ ಫೋನ್ ಇಲ್ಲದವನು ಪಕ್ಕದ ಅಂಗಡಿಯ ಅಥವಾ ಮನೆ ಮಾಲೀಕರ ನಂಬರನ್ನು ಕೊಟ್ಟು ಮುಂದೆ ಪಿ.ಪಿ. ಎಂದು ಸೇರಿಸುತ್ತಿದ್ದ. ಫೋನ್ ಬಂದರೆ ಆ ಮನೆಯವರು ಕೂಗಿ ಕರೆಯಬೇಕು. ಅವನಿಲ್ಲದಿದ್ದರೆ ಸಂದೇಶ ಬರೆದಿಟ್ಟುಕೊಳ್ಳಬೇಕು. ಅಂದರೆ ಒಬ್ಬ ಬಡಗಿಯ ಜಾಹೀರಾತು ನಡೆಯಲು ಅವನ ನೆರೆಯವನ ಒಳ್ಳೆಯತನ ಬೇಕಿತ್ತು. ಪಿ.ಪಿ. ನಂಬರು ಕೊಟ್ಟವನು ಒಂದು ಬಗೆಯಲ್ಲಿ ಜಾಮೀನುದಾರನೂ ಹೌದು. ಆ ನೆರೆಯವನು ಯಾವ ಧರ್ಮದವನು ಎಂದು ಜಾಹೀರಾತು ಹೇಳುವುದಿಲ್ಲ, ಹೇಳುವ ಅಗತ್ಯವೂ ಇರಲಿಲ್ಲ.

ಭಾರತದಲ್ಲಿ ಮೊಬೈಲ್ ಸೇವೆ 1995ರಲ್ಲಿ ಆರಂಭವಾದರೂ ಬರುವ ಕರೆಗೂ ಹಣ ತೆರಬೇಕಿತ್ತು. 2003ರ ಮೇ ತಿಂಗಳಿನಿಂದ ಒಳಬರುವ ಕರೆ ಉಚಿತವಾಯಿತು. ಕೊಳಾಯಿ ಕೆಲಸದವನ ಕೈಗೆ ಫೋನ್ ಬಂದದ್ದು ಆಮೇಲೆ. ಅವನಿಗೆ ನೆರೆಯವನ ನಂಬರು ಬೇಡವಾಯಿತು. ಇದು ಒಳ್ಳೆಯದೇ. ಆದರೆ ಪರಿಚಯದ ಆ ಒಂದು ಕೊಂಡಿ ಸದ್ದಿಲ್ಲದೆ ಕಳಚಿಕೊಂಡಿತು.

ಹೇಳಬಹುದಾದದ್ದು, ಹೇಳಬಾರದ್ದು

ಜಾಹೀರಾತಿಗೂ ಒಂದು ಎಲ್ಲೆ ಬೇಕೆಂಬುದು ಹೊಸ ವಿಚಾರವಲ್ಲ. ಮದೀನಾದ ಪೇಟೆಯಲ್ಲಿ ಪ್ರವಾದಿ ಮುಹಮ್ಮದ್(ಸ) ಧಾನ್ಯದ ರಾಶಿಯೊಳಗೆ ಕೈಹಾಕಿದಾಗ ಬೆರಳಿಗೆ ತೇವ ತಾಗಿದ ಪ್ರಸಂಗ ಪ್ರಸಿದ್ಧವಾದುದು. ಮಳೆಗೆ ನೆನೆದ ಕಾಳನ್ನು ಜನರಿಗೆ ಕಾಣುವಂತೆ ಮೇಲೇಕೆ ಇಡಲಿಲ್ಲ ಎಂದು ಅವರು ವ್ಯಾಪಾರಿಯನ್ನು ಕೇಳಿದರು, ವಂಚಿಸುವವನು ತಮ್ಮವನಲ್ಲ ಎಂದು ಎಚ್ಚರಿಸಿದರು. ಸರಕಿನ ಗುಣದಂತೆಯೇ ದೋಷವೂ ಗಿರಾಕಿಗೆ ತಿಳಿಯಬೇಕೆಂಬುದು ಇದರ ಸಾರ. ಮುಂದೆ ಮುಸ್ಲಿಮ್ ನಗರಗಳಲ್ಲಿ ಪೇಟೆಯ ಮೇಲ್ವಿಚಾರಣೆಗೆ ಮುಹ್ತಸಿಬ್ ಎಂಬ ಅಧಿಕಾರಿ ಇರುತ್ತಿದ್ದ. 12ನೇ ಶತಮಾನದಲ್ಲಿ ಸಿರಿಯಾದ ಶೈಝರಿ ಈ ಅಧಿಕಾರಿಗಾಗಿ ಬರೆದ ಕೈಪಿಡಿಯಲ್ಲಿ ರೊಟ್ಟಿ ಸುಡುವವರ ಜೊತೆಗೆ ವೈದ್ಯರ, ಕಣ್ಣಿನ ಚಿಕಿತ್ಸಕರ ಬಗೆಗೂ ನಿಯಮಗಳಿವೆ.

ಸ್ವತಂತ್ರ ಭಾರತ 1954ರಲ್ಲಿ ಔಷಧ ಮತ್ತು ಮಾಂತ್ರಿಕ ಪರಿಹಾರಗಳ (ಆಕ್ಷೇಪಾರ್ಹ ಜಾಹೀರಾತು) ಕಾಯ್ದೆಯನ್ನು ತಂದಿತು. ಸಕ್ಕರೆ ಕಾಯಿಲೆ, ಪಾರ್ಶ್ವವಾಯು, ತೊನ್ನು ಮುಂತಾದವನ್ನು ಗುಣಪಡಿಸುತ್ತೇವೆ, ಎತ್ತರ ಹೆಚ್ಚಿಸುತ್ತೇವೆ ಎಂಬ ಜಾಹೀರಾತುಗಳನ್ನು ಅದು ನಿಷೇಧಿಸಿತು. 1906ರಲ್ಲಿ ದಿಲ್ಲಿಯಲ್ಲಿ ಆರಂಭವಾದ ಹೆಸರಾಂತ ಯುನಾನಿ ಸಂಸ್ಥೆ ಹಮ್‌ದರ್ದ್ ದವಾಖಾನಾ ಈ ಕಾಯ್ದೆಯನ್ನು ಸುಪ್ರೀಮ್ ಕೋರ್ಟಿನಲ್ಲಿ ಪ್ರಶ್ನಿಸಿತು. 1959ರ ಡಿಸೆಂಬರ್‌ನಲ್ಲಿ ಬಂದ ತೀರ್ಪು ಕಾಯ್ದೆಯ ಒಂದೆರಡು ಅಂಶಗಳನ್ನು ರದ್ದುಪಡಿಸಿದರೂ, ಇಂತಹ ಔಷಧಗಳ ಜಾಹೀರಾತು ವ್ಯಾಪಾರವೇ ಹೊರತು ಸಂವಿಧಾನ ರಕ್ಷಿಸುವ ವಾಕ್ ಸ್ವಾತಂತ್ರ್ಯವಲ್ಲ ಎಂದಿತು. ಅಲ್ಲಿಂದ 36 ವರ್ಷಗಳ ನಂತರ, 1995ರಲ್ಲಿ, ಟಾಟಾ ಪ್ರೆಸ್ ಪ್ರಕಟಿಸುತ್ತಿದ್ದ 'ಯೆಲ್ಲೋ ಪೇಜಸ್' ವಿರುದ್ಧ ಎಂ.ಟಿ.ಎನ್.ಎಲ್. ಹೂಡಿದ್ದ ವಿವಾದದಲ್ಲಿ ಅದೇ ನ್ಯಾಯಾಲಯ ವಾಣಿಜ್ಯದ ಮಾತೂ ವಾಕ್ ಸ್ವಾತಂತ್ರ್ಯದ ಭಾಗ, ಅದನ್ನು ಕೇಳಿ ತಿಳಿಯುವ ಹಕ್ಕು ಜನರಿಗೂ ಇದೆ ಎಂದು ಹೇಳಿತು. ಮೋಸದ ಮಾತಿಗೆ ಮಾತ್ರ ಆ ರಕ್ಷಣೆ ಇಲ್ಲ. ಬೀದಿಬದಿಯ ಬಡಗಿಯ ಎರಡು ಸಾಲಿಗೂ ಸಂವಿಧಾನದಲ್ಲಿ ಜಾಗವಿದೆ ಎಂಬುದು ಇದರಿಂದ ಖಚಿತವಾಯಿತು.

ಡಾಕ್ಟರರು ಮತ್ತು ವಕೀಲರ ಮಾತು ಬೇರೆ. ಭಾರತೀಯ ವೈದ್ಯಕೀಯ ಮಂಡಳಿಯ 2002ರ ನಿಯಮಗಳ ಪ್ರಕಾರ ವೈದ್ಯರು ತಮ್ಮನ್ನು ತಾವು ಹೊಗಳಿಕೊಳ್ಳುವಂತಿಲ್ಲ. ಆದರೆ ವೃತ್ತಿ ಆರಂಭಿಸಿದಾಗ, ವಿಳಾಸ ಬದಲಾದಾಗ, ಕೆಲಕಾಲ ಊರಲ್ಲಿ ಇಲ್ಲದಿದ್ದಾಗ, ಮರಳಿ ಬಂದಾಗ ಪತ್ರಿಕೆಯಲ್ಲಿ ತಿಳಿಸಬಹುದು. ಶುಲ್ಕವನ್ನೂ ಪ್ರಕಟಿಸಬಹುದು. ವಕೀಲರಿಗೆ ಬಾರ್ ಕೌನ್ಸಿಲ್ ಇನ್ನೂ ಬಿಗಿಯಾದ ನಿಯಮ ಮಾಡಿದೆ. 2008ರಲ್ಲಿ ಜಾಲತಾಣದಲ್ಲಿ ಹೆಸರು, ವಿಳಾಸದಂತಹ ಕೆಲವು ವಿವರ ಕೊಡಲು ಅನುಮತಿ ಸಿಕ್ಕಿತು. 2024ರಲ್ಲಿ ಮದ್ರಾಸ್ ಹೈಕೋರ್ಟ್ ಅಂತರಜಾಲದ ಸೇವಾ ಕಂಪೆನಿಗಳ ಮೂಲಕ ಕಕ್ಷಿದಾರರನ್ನು ಸೆಳೆಯುವ ವಕೀಲರ ಮೇಲೆ ಕ್ರಮ ಕೈಗೊಳ್ಳಲು ಸೂಚಿಸಿತು.

ಹಾಗಾದರೆ ಈ ನಿಯಮಗಳೆಲ್ಲ ಉಳಿಸಿದ್ದೇನು? ಯಾರು, ಎಲ್ಲಿ, ಯಾವ ಹೊತ್ತಿನಲ್ಲಿ ಸಿಗುತ್ತಾರೆ ಎಂಬ ಸರಳ ಮಾಹಿತಿಯನ್ನು. ಮಾಗಡಿ ರಸ್ತೆಯ ಕೊಟ್ಟಿಗೆಪಾಳ್ಯದಲ್ಲಿರುವ ರಾಷ್ಟ್ರೀಯ ಯುನಾನಿ ವೈದ್ಯಕೀಯ ಸಂಸ್ಥೆಯಲ್ಲಿ ಪದವೀಧರರು ಉನ್ನತ ಶಿಕ್ಷಣ ಪಡೆಯುತ್ತಾರೆ. ಆ ವೈದ್ಯಪದ್ಧತಿಯ ಗೌರವಕ್ಕೆ ಧಕ್ಕೆ ತಂದದ್ದು ಅದರ ಹೆಸರಿನಲ್ಲಿ ಪವಾಡ ಮಾರಿದ ಜಾಹೀರಾತುಗಳೇ ಎಂಬುದನ್ನು ನಾವು ಒಪ್ಪಬೇಕು.

ಅಕ್ಕಪಕ್ಕದ ಹೆಸರುಗಳು

ಕಿರು ಜಾಹೀರಾತಿನ ಪುಟದಲ್ಲಿ ಯಾರ ಹೆಸರು ಯಾರ ಪಕ್ಕದಲ್ಲಿ ಬರಬೇಕೆಂದು ನಿರ್ಧರಿಸಿದ್ದು ಜಾತಿಯಲ್ಲ, ಧರ್ಮವಲ್ಲ, ಅಚ್ಚುಮೊಳೆ ಹಿಡಿಸುವ ಜಾಗ. ಸಮಾಜ ಬೇರೆಬೇರೆಯಾಗಿ ಕೂರಿಸಿದವರನ್ನು ಆ ಪುಟ ಒಟ್ಟಿಗೆ ಕೂರಿಸಿತು. ಹೆಸರು ಹೇಳಿ ಕೆಲಸ ಕೇಳುವುದು ಅಲ್ಪಸಂಖ್ಯಾತನೊಬ್ಬನಿಗೆ ಧೈರ್ಯದ ಕೆಲಸವೂ ಹೌದು. ತನ್ನ ಹೆಸರು ನೋಡಿಯೂ ಜನ ಬರುತ್ತಾರೆಂಬ ಭರವಸೆ ಇದ್ದರೆ ಮಾತ್ರ ಅವನು ದುಡ್ಡು ಕೊಟ್ಟು ಅದನ್ನು ಅಚ್ಚು ಹಾಕಿಸುತ್ತಾನೆ.

ಈ ಭರವಸೆಗೆ ಇತ್ತೀಚೆಗೆ ಪೆಟ್ಟು ಬಿದ್ದಿದೆ. 2020ರಲ್ಲಿ ಕೋವಿಡ್ ಕುರಿತ ವದಂತಿಗಳಿಂದಾಗಿ ದೇಶದ ಹಲವೆಡೆ ಮುಸ್ಲಿಮ್ ತರಕಾರಿ ವ್ಯಾಪಾರಿಗಳನ್ನು ಹೆಸರು ಕೇಳಿ ಹಿಂದಕ್ಕೆ ಕಳುಹಿಸಲಾಯಿತು. 2022ರ ಮಾರ್ಚ್‌ನಲ್ಲಿ ಕರ್ನಾಟಕದ ಕರಾವಳಿಯ ಕೆಲವು ಜಾತ್ರೆಗಳಲ್ಲಿ ಮುಸ್ಲಿಮ್ ವ್ಯಾಪಾರಿಗಳಿಗೆ ಅವಕಾಶವಿಲ್ಲವೆಂಬ ಫಲಕಗಳು ಕಾಣಿಸಿಕೊಂಡವು. ಫಲಕವೂ ಒಂದು ಜಾಹೀರಾತೇ. ಆದರೆ ಕಸುಬುದಾರನ ಜಾಹೀರಾತು ಎಲ್ಲರನ್ನೂ ಕರೆಯುತ್ತದೆ, ಈ ಫಲಕ ಕೆಲವರನ್ನು ಹೊರಗಟ್ಟುತ್ತದೆ. ಎರಡರಲ್ಲಿ ಯಾವುದು ನಮ್ಮ ನಾಡಿನ ರೂಢಿ ಎಂದು ಯಾರಾದರೂ ಕೇಳಿದರೆ ತೋರಿಸಲು ನಮ್ಮ ಬಳಿ ಪುರಾವೆ ಇದೆ. ಅದು ಹಳೆಯ ಪತ್ರಿಕೆಗಳ ಆ ಮೂಲೆಗಳಲ್ಲಿದೆ.

ಈ ಪುರಾವೆ ಪೂರ್ಣವಲ್ಲ ಎಂಬುದನ್ನೂ ಹೇಳಬೇಕು. ಜಾಹೀರಾತಿಗೆ ದುಡ್ಡಿಲ್ಲದ ಕೂಲಿಕಾರ ಅಲ್ಲಿಲ್ಲ. ಮನೆಯಲ್ಲೇ ಬಟ್ಟೆ ಹೊಲಿದು, ಊದುಬತ್ತಿ ಹೊಸೆದು ಸಂಸಾರ ನಡೆಸಿದ ಹೆಂಗಸರು ಅಲ್ಲಿ ಕಾಣುವುದು ತೀರಾ ಕಡಿಮೆ. ಆ ಮೌನವನ್ನೂ ಚರಿತ್ರಕಾರರು ಓದಬೇಕಾಗುತ್ತದೆ.

ಉಳಿಸಿಕೊಳ್ಳಬೇಕಾದ ಕಾಗದ

ಪುಸ್ತಕಗಳ ಪ್ರತಿಗಳನ್ನು ನಿಗದಿತ ಸಾರ್ವಜನಿಕ ಗ್ರಂಥಾಲಯಗಳಿಗೆ ಒಪ್ಪಿಸಬೇಕೆಂಬ 1954ರ ಕಾಯ್ದೆಗೆ 1956ರಲ್ಲಿ ತಿದ್ದುಪಡಿಯಾಗಿ ದಿನಪತ್ರಿಕೆ, ವಾರಪತ್ರಿಕೆಗಳೂ ಸೇರಿದವು. ದೊಡ್ಡ ಪತ್ರಿಕೆಗಳ ಸಂಪುಟಗಳಿಗೆ ಒಂದು ನೆಲೆ ಇದೆ. ನಾಲ್ಕು ಪುಟದ ಊರ ಪತ್ರಿಕೆ, ಬಡಾವಣೆಯ ವಾರಪತ್ರಿಕೆ, ಕರಪತ್ರ, ಮಸೀದಿ ಅಥವಾ ಗಣೇಶೋತ್ಸವದ ನೆನಪಿನ ಸಂಚಿಕೆಗಳ ಗತಿ ಹಾಗಿಲ್ಲ. ಅವು ಹೋಗುವುದು ರದ್ದಿ ಅಂಗಡಿಗೆ. ಇಂದು ಕಸುಬುದಾರರ ಹೆಸರುಗಳು ಮೊಬೈಲ್ ಆ್ಯಪ್‌ಗಳಲ್ಲಿ ನಕ್ಷತ್ರಗಳ ಲೆಕ್ಕವಾಗಿ ಕಾಣುತ್ತವೆ. ಕಂಪೆನಿ ಮುಚ್ಚಿದ ದಿನ ಆ ಲೆಕ್ಕವೂ ಅಳಿಸಿ ಹೋಗುತ್ತದೆ.

ರಾಜಾಜಿನಗರದಿಂದ ಕೆಂಗೇರಿಯವರೆಗೆ ಮನೆಮನೆಗಳ ಅಟ್ಟದಲ್ಲಿ ಇಂತಹ ಕಾಗದಗಳು ಇನ್ನೂ ಉಳಿದಿರಬಹುದು. ಅಪ್ಪನ ಟೈಲರಿಂಗ್ ಅಂಗಡಿಯ ಕರಪತ್ರ, ಅಜ್ಜನ ಗ್ಯಾರೇಜಿನ ಶುಭಾಶಯ ಪ್ರಕಟವಾದ ವಿಶೇಷಾಂಕ ಸಿಕ್ಕರೆ ರದ್ದಿಗೆ ಹಾಕುವ ಮೊದಲು ಒಂದು ಚಿತ್ರ ತೆಗೆದಿಡಿ. ಹಿಂಬದಿಯಲ್ಲಿ ವರ್ಷ ಬರೆದು ಹತ್ತಿರದ ಗ್ರಂಥಾಲಯಕ್ಕೋ ಕಾಲೇಜಿನ ಇತಿಹಾಸ ವಿಭಾಗಕ್ಕೋ ಕೊಡಿ. ದುಡಿದು ತಿಂದವರು ತಮ್ಮ ಹೆಸರಿನಲ್ಲೇ ಬದುಕಿದರು, ಅವರ ಹೆಸರು ನೋಡಿಯೇ ನೆರೆಹೊರೆಯವರು ಬಾಗಿಲು ತೆರೆದರು ಎಂಬುದಕ್ಕೆ ಮುಂದಿನ ತಲೆಮಾರು ಸಾಕ್ಷಿ ಕೇಳುವ ದಿನ ಬಂದೇ ಬರುತ್ತದೆ.