ಜಿಡ್ಡಿನ ಜಗಳ: ಟಿ. ನಗರದ ಮಿಠಾಯಿ, ಚಾಕೊಲೇಟು, ಬೇಕರಿ ತಿಂಡಿ

ಚೆನ್ನೈನ ತ್ಯಾಗರಾಯ ನಗರ 1920ರ ದಶಕದಲ್ಲಿ ಮಾಂಬಲದ ಕೆರೆಯಂಗಳದ ಮೇಲೆ ಎದ್ದ ಬಡಾವಣೆ. ಜಸ್ಟಿಸ್ ಪಕ್ಷದ ಪಿ. ತ್ಯಾಗರಾಯ ಚೆಟ್ಟಿಯವರ ಹೆಸರು ಹೊತ್ತರೂ ಊರವರ ಬಾಯಲ್ಲಿ ಅದು ಟಿ. ನಗರ ಅಷ್ಟೇ. ಸೀರೆಗೆ, ಚಿನ್ನಕ್ಕೆ ಇಲ್ಲಿಗೆ ಬಂದವರು ಸಿಹಿ ಕಟ್ಟಿಸಿಕೊಳ್ಳದೆ ಹಿಂದಿರುಗುವುದು ಅಪರೂಪ. ಕರ್ನಾಟಕ ಸಂಘದ ಶಾಲೆಯೂ ಇಲ್ಲೇ ಇದೆ. ಕನ್ನಡ ಚಿತ್ರರಂಗ ಮದ್ರಾಸಿನಲ್ಲಿದ್ದ ಕಾಲದಲ್ಲಿ ಬಂದವರು, ಉಡುಪಿ ಹೋಟೆಲಿನ ಕೆಲಸಕ್ಕೆ ಬಂದವರು, ಬ್ಯಾಂಕು ಮತ್ತು ಕೇಂದ್ರ ಸರ್ಕಾರದ ನೌಕರಿಗೆ ಬಂದವರು ಎಂದು ನಗರದ ಕನ್ನಡಿಗರಲ್ಲಿ ಬಗೆಬಗೆಯವರಿದ್ದಾರೆ. ಕಡಂದಲೆಯ ಕೆ. ಕೃಷ್ಣರಾಯರು 1938ರಲ್ಲಿ ರಾಯಪೇಟೆಯಲ್ಲಿ ವುಡ್‌ಲ್ಯಾಂಡ್ಸ್ ತೆರೆದ ಮೇಲಂತೂ ಕರಾವಳಿಯ ಅಡುಗೆಯವರ ಕೈರುಚಿ ಊರಿನ ನಾಲಗೆಗೆ ಒಗ್ಗಿಹೋಯಿತು.

ಇಂಥ ಮನೆಗಳಲ್ಲಿ ಒಂದು ತಟ್ಟೆಗೆ ಮೈಸೂರು ಪಾಕು, ಅಮೆರಿಕದಿಂದ ಮಗಳು ತಂದ ಚಾಕೊಲೇಟು, ಪುತ್ತೂರಿನ ಕ್ಯಾಂಪ್ಕೊ ಚಾಕೊಲೇಟು, ಬೇಕರಿಯ ಬೆಣ್ಣೆ ಬಿಸ್ಕತ್ತು ಎಲ್ಲ ಒಟ್ಟಿಗೆ ಬೀಳುತ್ತವೆ. ‘ನಮ್ಮದೇ ಚೆನ್ನ’, ‘ಹೊರಗಿನದೇ ಚೆನ್ನ’ ಎಂಬ ವಾದವೂ ಅಲ್ಲಿಂದಲೇ ಶುರು. ಸಕ್ಕರೆ ಎಲ್ಲದರಲ್ಲೂ ಇರುವುದರಿಂದ ವಾದ ನಿಜವಾಗಿ ಅದರ ಮೇಲಲ್ಲ. ಯಾವ ಜಿಡ್ಡು ಹಾಕಿದ್ದಾರೆ, ಅದು ಎಷ್ಟು ಬಿಸಿಗೆ ಕರಗುತ್ತದೆ, ಹೇಗೆ ನಾರುತ್ತದೆ ಎಂಬುದರ ಮೇಲೆ.

ಮೈಸೂರು ಪಾಕ್ ಮತ್ತು ಮೈಸೂರ್‌ಪಾ

ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ಅರಮನೆಯ ಬಾಣಸಿಗ ಕಾಕಾಸುರ ಮಾದಪ್ಪ ಮೈಸೂರು ಪಾಕನ್ನು ಮೊದಲು ಮಾಡಿದ್ದು ಎಂಬುದು ಮೈಸೂರಿನಲ್ಲಿ ಎಲ್ಲರೂ ಒಪ್ಪಿದ ಕಥೆ. ಸಯ್ಯಾಜಿರಾವ್ ರಸ್ತೆಯ ಗುರು ಸ್ವೀಟ್ಸ್ ಆ ಮನೆತನದ್ದು. ಸಾಮಗ್ರಿ ಮೂರೇ: ಕಡಲೆಹಿಟ್ಟು, ಸಕ್ಕರೆ, ತುಪ್ಪ. ಪಾಕಕ್ಕೆ ಹಿಟ್ಟು ಬಿದ್ದ ಮೇಲೆ ಕುದಿಯುವ ತುಪ್ಪವನ್ನು ಸೌಟು ಸೌಟಾಗಿ ಹೊಯ್ಯಬೇಕು. ಪ್ರತಿ ಸಲವೂ ಮಿಶ್ರಣ ನೊರೆಯೆದ್ದು ಉಬ್ಬುತ್ತದೆ, ಆ ನೊರೆಯೇ ಆರಿದ ಮೇಲೆ ಜೇನುಗೂಡಿನಂಥ ತೂತುಗಳಾಗಿ ಉಳಿಯುತ್ತದೆ. ತಟ್ಟೆಗೆ ಸುರಿದ ಮೇಲೂ ನಡುವಿನ ಬಿಸಿ ಬೇಗ ಆರದೆ ಒಳಗೊಳಗೇ ಬೇಯುತ್ತಿರುವುದರಿಂದ, ಕತ್ತರಿಸಿದಾಗ ಮಧ್ಯದಲ್ಲಿ ಕೆಂಪು ಪಟ್ಟಿ ಕಾಣುತ್ತದೆ. ಹಳೆಯ ಕೈಗಳು ಆ ಪಟ್ಟಿ ನೋಡಿಯೇ ಪಾಕ ಹದಕ್ಕೆ ಬಂದಿತ್ತೋ ಇಲ್ಲವೋ ಹೇಳುತ್ತಾರೆ.

ಟಿ. ನಗರದಲ್ಲಿ ಹೆಚ್ಚು ಓಡುವುದು ಇನ್ನೊಂದು ಬಗೆ. 1948ರಲ್ಲಿ ಕೊಯಮತ್ತೂರಿನಲ್ಲಿ ಹುಟ್ಟಿದ ಶ್ರೀ ಕೃಷ್ಣ ಸ್ವೀಟ್ಸ್ ‘ಮೈಸೂರ್‌ಪಾ’ ಎಂದು ಹೆಸರು ಮಾಡಿದ ಮೆತ್ತನೆಯ ತುಂಡು. ತುಪ್ಪ ಹೆಚ್ಚು, ಬೇಯಿಸುವುದು ಕಡಿಮೆ, ತೂತುಗಳಿಲ್ಲ. ಬಾಯಲ್ಲಿಟ್ಟರೆ ಹಲ್ಲಿಗೆ ಕೆಲಸವಿಲ್ಲ. ಈಗ ಬೆಂಗಳೂರಿನ ಅಂಗಡಿಗಳಲ್ಲೂ ‘ತುಪ್ಪದ ಮೈಸೂರು ಪಾಕ್’ ಎಂದರೆ ಇದೇ. ಮೈಸೂರಿನವರು ಇದನ್ನು ಹಲ್ಲಿಲ್ಲದವರ ಪಾಕು ಎಂದು ನಗುತ್ತಾರೆ, ಚೆನ್ನೈನವರು ಮೈಸೂರಿನದನ್ನು ಇಟ್ಟಿಗೆ ಎನ್ನುತ್ತಾರೆ. ನನ್ನ ಓಟು ಇಟ್ಟಿಗೆಗೆ. ಹುರಿದ ಕಡಲೆಯ ಘಮ ಏಳಬೇಕಾದರೆ ಹಿಟ್ಟು ಅಷ್ಟು ಬಿಸಿ ತಿನ್ನಲೇಬೇಕು. ಮೆತ್ತನೆಯದರಲ್ಲಿ ತುಪ್ಪದ ರುಚಿಯೊಂದೇ ಮುಂದೆ ನಿಲ್ಲುತ್ತದೆ.

2019ರ ಸೆಪ್ಟೆಂಬರಿನಲ್ಲಿ ಮೈಸೂರು ಪಾಕಿನ ಭೌಗೋಳಿಕ ಸೂಚಕ ತಮಿಳುನಾಡಿಗೆ ಸಿಕ್ಕಿತೆಂದು ಯಾರೋ ತಮಾಷೆಗೆ ಹಾಕಿದ ಟ್ವೀಟು ಎರಡೂ ಕಡೆ ಬೆಂಕಿ ಹಚ್ಚಿತ್ತು. ಸೂಚಕ ಯಾರಿಗೂ ಸಿಕ್ಕಿರಲಿಲ್ಲ. ಧಾರವಾಡ ಪೇಡಕ್ಕೆ, ಶ್ರೀವಿಲ್ಲಿಪುತ್ತೂರಿನ ಪಾಲ್‌ಕೋವಕ್ಕೆ, ಕೋವಿಲ್‌ಪಟ್ಟಿಯ ಕಡಲೆ ಮಿಠಾಯಿಗೆ ಸಿಕ್ಕಿದೆ, ಅವುಗಳ ಬಗ್ಗೆ ಯಾರೂ ಜಗಳವಾಡಲಿಲ್ಲ.

ಬೀದಿಯ ಮಿಠಾಯಿ

ಪಾಂಡಿ ಬಜಾರಿನ ಪಾದಚಾರಿ ದಾರಿಯಲ್ಲಿ, ರಂಗನಾಥನ್ ಬೀದಿಯ ನೂಕುನುಗ್ಗಲಿನಲ್ಲಿ ಮಕ್ಕಳ ಕಣ್ಣು ಸೆಳೆಯುವುದು ಬೇರೆ ಸಾಮಾನು. ಬಿದಿರಿನ ಕೋಲಿಗೆ ಸುತ್ತಿದ ಗುಲಾಬಿ ಬಣ್ಣದ ಅಂಟನ್ನು ಎಳೆದು ಮಗುವಿನ ಕೈಗೆ ಗಡಿಯಾರ ಕಟ್ಟಿಕೊಡುವ ಜವ್ವು ಮಿಟ್ಟಾಯಿ ನಮ್ಮ ಜಾತ್ರೆಗಳ ಬಾಂಬೆ ಮಿಠಾಯಿಯೇ. ಬೆಲ್ಲ, ಕಾಯಿತುರಿಯ ಕಮರಕಟ್ಟು ಎರಡೂ ಕಡೆ ಒಂದೇ, ದವಡೆಗೆ ಕೊಡುವ ಶಿಕ್ಷೆಯೂ ಒಂದೇ. ಕಿತ್ತಳೆ ಬಣ್ಣದ ಗುಂಡು ಕಚ್ಚಿದರೆ ಪಾಕ ಚಿಮ್ಮುವ ತೇನ್ ಮಿಟ್ಟಾಯಿ ಮಾತ್ರ ತಮಿಳುನಾಡಿನ ಸ್ವಂತ ಆಸ್ತಿ ಎನ್ನಬಹುದು. ಹೆಸರಿನಲ್ಲಿರುವ ಜೇನು ಅದರೊಳಗಿಲ್ಲ.

ಪಂಜು ಮಿಟ್ಟಾಯಿ, ಅಂದರೆ ಹತ್ತಿಯಂಥ ಸಕ್ಕರೆ ಮಿಠಾಯಿಯನ್ನು 2024ರ ಫೆಬ್ರುವರಿಯಲ್ಲಿ ತಮಿಳುನಾಡು ನಿಷೇಧಿಸಿತು. ಬಟ್ಟೆಗೆ ಹಾಕುವ ರೋಡಮೈನ್-ಬಿ ಬಣ್ಣ ಮಾದರಿಗಳಲ್ಲಿ ಸಿಕ್ಕಿತ್ತು. ಮರುತಿಂಗಳೇ ಕರ್ನಾಟಕವೂ ಬಣ್ಣದ ಕಾಟನ್ ಕ್ಯಾಂಡಿಯನ್ನು, ಗೋಬಿ ಮಂಚೂರಿಯ ಕೃತಕ ಬಣ್ಣವನ್ನು ತಡೆಯಿತು. ಬಣ್ಣವಿಲ್ಲದ ಬಿಳಿ ಮಿಠಾಯಿಗೆ ಅಡ್ಡಿಯಿಲ್ಲ, ಆದರೆ ಯಾವ ಮಗು ಅದನ್ನು ಕೇಳುತ್ತದೆ? ಅಂದಹಾಗೆ 1897ರಲ್ಲಿ ಅಮೆರಿಕದ ನ್ಯಾಶ್‌ವಿಲ್‌ನಲ್ಲಿ ಈ ಮಿಠಾಯಿಯ ಯಂತ್ರ ಕಂಡುಹಿಡಿದ ಇಬ್ಬರಲ್ಲಿ ಒಬ್ಬ, ವಿಲಿಯಂ ಮಾರಿಸನ್, ಹಲ್ಲಿನ ವೈದ್ಯ.

ಕಾಗದ ಸುತ್ತಿದ ಪೆಪ್ಪರ್‌ಮೆಂಟುಗಳಲ್ಲಿ ಮದ್ರಾಸಿನದೇ ಒಂದು ವಂಶಾವಳಿ ಇದೆ. ಪ್ಯಾರಿ ಕಂಪನಿ ನೆಲ್ಲಿಕುಪ್ಪಂನ ಸಕ್ಕರೆಯನ್ನು ಮಿಠಾಯಿ ಮಾಡಿ ಮಾರತೊಡಗಿದ್ದು 1914ರಲ್ಲಿ. ಅದರ ಕಾಫಿ ಬೈಟ್ ‘ಕಾಫಿಯೋ, ಟಾಫಿಯೋ’ ಎಂಬ ಜಾಹೀರಾತಿನ ವಾದದಿಂದಲೇ ಗೆದ್ದಿತು. 2004ರಲ್ಲಿ ಆ ಉದ್ಯಮವನ್ನು ಕೊರಿಯಾದ ಲೊಟ್ಟೆ ಕೊಂಡಿತು. ಗಡಿಯಾಚೆ ಚಿತ್ತೂರಿನ ನ್ಯೂಟ್ರಿನ್ ತನ್ನ ಮಹಾ ಲ್ಯಾಕ್ಟೊದಿಂದ ಮೂರು ರಾಜ್ಯಗಳ ಶಾಲಾಮಕ್ಕಳ ಜೇಬು ತುಂಬಿತ್ತು.

ಚಾಕೊಲೇಟು ಮತ್ತು ಬಿಸಿಲು

‘ಇಂಡಿಯಾದ ಚಾಕೊಲೇಟಿಗೆ ಆ ನುಣುಪಿಲ್ಲ’ ಎಂಬ ದೂರಿನಲ್ಲಿ ಅರ್ಧ ನಿಜವಿದೆ. ಕೊಕ್ಕೊ ಬೀಜದಲ್ಲಿರುವ ಬೆಣ್ಣೆ ಸುಮಾರು 34 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕರಗುತ್ತದೆ, ಬಾಯಿಯ ಬಿಸಿಗಿಂತ ಚೂರೇ ಕಡಿಮೆ. ಕೋಣೆಯಲ್ಲಿ ಗಟ್ಟಿ, ನಾಲಗೆಯ ಮೇಲೆ ನೀರು. ಚಾಕೊಲೇಟಿನ ಮೋಡಿಯೆಲ್ಲ ಈ ಅಂತರದಲ್ಲಿದೆ. ಆದರೆ ಟಿ. ನಗರದ ಪಕ್ಕದ ನುಂಗಂಬಾಕ್ಕಂ ಹವಾಮಾನ ಕೇಂದ್ರ 2003ರ ಮೇ 31ರಂದು 45 ಡಿಗ್ರಿ ದಾಖಲಿಸಿತ್ತು. ಮೇ ತಿಂಗಳಲ್ಲಿ 40 ಇಲ್ಲಿ ಸುದ್ದಿಯೇ ಅಲ್ಲ. ಸ್ವಿಟ್ಜರ್‌ಲೆಂಡಿನ ಚಳಿಗೆ ಹುಟ್ಟಿದ ಪದಾರ್ಥ ಇಲ್ಲಿ ಬೆಳಗಿನಿಂದ ಸಂಜೆಯವರೆಗೆ ಬದುಕಬೇಕಾದರೆ ಫ್ರಿಜ್ಜು ಬೇಕು, ಇಲ್ಲವೇ ಜಿಡ್ಡು ಬದಲಾಗಬೇಕು.

ಜಿಡ್ಡು ಬದಲಿಸಿದರೆ ಸಿಗುವುದು ಕಾಂಪೌಂಡ್. ಕೊಕ್ಕೊ ಬೆಣ್ಣೆಯ ಬದಲು ತಾಳೆಯ ಬೀಜದಂಥ ಗಿಡದೆಣ್ಣೆಯನ್ನು ಗಟ್ಟಿ ಮಾಡಿ ಹಾಕಿದ್ದು. ಬಿಸಿಲು ತಡೆಯುತ್ತದೆ, ಬೆಲೆಯೂ ಕಡಿಮೆ. ಆದರೆ ಬಾಯಲ್ಲಿ ಪೂರ್ತಿ ಕರಗದೆ ಅಂಗುಳಿಗೆ ಮೇಣದಂತೆ ಅಂಟುತ್ತದೆ. ಊಟಿಗೆ ಹೋದವರೆಲ್ಲ ಹೊತ್ತು ತರುವ ‘ಹೋಂ ಮೇಡ್’ ಚಾಕೊಲೇಟುಗಳಲ್ಲಿ ಹಲವು ಇದೇ ಗಟ್ಟಿಯನ್ನು ಕರಗಿಸಿ, ಗೋಡಂಬಿ ಸೇರಿಸಿ ಅಚ್ಚಿಗೆ ಸುರಿದವು. ಫ್ರಿಜ್ಜಿನಿಂದ ಹೊರಗೆ, ಹೊರಗಿನಿಂದ ಒಳಗೆ ಓಡಾಡಿದ ಅಸಲಿ ಚಾಕೊಲೇಟಿನ ಮೇಲೆ ಬಿಳಿ ಪುಡಿ ಕಂಡರೆ ಬೂಷ್ಟು ಬಂತೆಂದು ಎಸೆಯುವವರಿದ್ದಾರೆ. ಅದು ಕರಗಿ ಮೇಲೆ ಬಂದು ಮತ್ತೆ ಹರಳಾದ ಕೊಕ್ಕೊ ಬೆಣ್ಣೆ. ತಿನ್ನಬಹುದು, ನುಣುಪು ಮಾತ್ರ ಹೋಗಿರುತ್ತದೆ.

ಸೆಕೆಗೆ ತಡೆಯುವ ಚಾಕೊಲೇಟು ಬೇಕೆಂದು 1937ರಲ್ಲಿ ಅಮೆರಿಕದ ಸೈನ್ಯ ಹರ್ಷೀಸ್ ಕಂಪನಿಯನ್ನು ಕೇಳಿತು. ರುಚಿ ಬೇಯಿಸಿದ ಆಲೂಗಡ್ಡೆಗಿಂತ ಸ್ವಲ್ಪವೇ ಮೇಲಿದ್ದರೆ ಸಾಕು, ಇಲ್ಲದಿದ್ದರೆ ಸಿಪಾಯಿಗಳು ಬೇಗ ತಿಂದು ಮುಗಿಸುತ್ತಾರೆ ಎಂಬುದೂ ಬೇಡಿಕೆಯ ಭಾಗವಾಗಿತ್ತು. ಬೇಡಿಕೆ ಚೆನ್ನಾಗಿಯೇ ಈಡೇರಿತು. ಸಿಪಾಯಿಗಳು ಅದನ್ನು ದ್ವೇಷಿಸಿದರು.

ಯುರೋಪು ಇದೇ ಜಿಡ್ಡಿನ ಮೇಲೆ ದಶಕಗಳ ಕಾಲ ಕಚ್ಚಾಡಿತು. ಬ್ರಿಟನ್ನಿನ ಕಂಪನಿಗಳು ಬೇರೆ ಎಣ್ಣೆ ಬೆರೆಸುತ್ತಿದ್ದವು; ಅದನ್ನು ಚಾಕೊಲೇಟೆಂದು ಕರೆಯಲು ಇಟಲಿ, ಸ್ಪೇನ್ ಒಪ್ಪಲಿಲ್ಲ. ಕೊನೆಗೆ ಐರೋಪ್ಯ ಒಕ್ಕೂಟದ 2000ದ ನಿರ್ದೇಶನ ಶೇ. 5ರವರೆಗೆ ಬೇರೆ ಜಿಡ್ಡಿಗೆ ಅವಕಾಶ ಕೊಟ್ಟು ಆರು ಹೆಸರುಗಳ ಪಟ್ಟಿ ಮಾಡಿತು. ಆ ಪಟ್ಟಿಯಲ್ಲಿ ಸಾಲ್ ಮರದ ಬೀಜದೆಣ್ಣೆ ಇದೆ, ಮಾವಿನ ಓಟೆಯೊಳಗಿನ ತಿರುಳಿನದು ಇದೆ, ನಮ್ಮ ಮುರುಗಲ ತುಪ್ಪವೂ ಇದೆ. ಉತ್ತರ ಕನ್ನಡದಲ್ಲಿ ಒಡೆದ ಹಿಮ್ಮಡಿಗೆ ಸವರುವ ಅದೇ ತುಪ್ಪ.

ಪುತ್ತೂರಿನ ಕಾರ್ಖಾನೆ

ಅಡಿಕೆ ತೋಟದ ನೆರಳಲ್ಲಿ ಕೊಕ್ಕೊ ಹಾಕಿ ಎಂದು ಕೃಷಿಕರಿಗೆ ಹೇಳಿ, ಸಸಿ ಹಂಚಿ, ಬೀಜ ಕೊಳ್ಳುತ್ತಿದ್ದದ್ದು ಕ್ಯಾಡ್ಬರಿ. ದಕ್ಷಿಣ ಕನ್ನಡ, ಕಾಸರಗೋಡಿನ ಬೆಳೆಗಾರರು ನಂಬಿ ಬೆಳೆದರು. 1980ರ ಆಸುಪಾಸಿನಲ್ಲಿ ಜಾಗತಿಕ ಬೆಲೆ ಕುಸಿದು ಕೊಳ್ಳುವವರು ಹಿಂದೆ ಸರಿದಾಗ ಹಸಿ ಬೀಜ ಕೈಯಲ್ಲೇ ಉಳಿಯಿತು. ಕಾಯಿ ಒಡೆದ ಮೇಲೆ ಕೊಕ್ಕೊ ಕಾಯುವುದಿಲ್ಲ. ತಿರುಳಿನ ಸಮೇತ ಬೀಜವನ್ನು ಕೂಡಲೇ ಹುಳಿ ಬರಿಸಬೇಕು, ಐದಾರು ದಿನ ಮಗುಚಬೇಕು, ಆಮೇಲೆ ಒಣಗಿಸಬೇಕು. ಚಾಕೊಲೇಟಿನ ಪರಿಮಳ ಹುಟ್ಟುವುದೇ ಆ ಹುಳಿಯಲ್ಲಿ, ಮತ್ತು ಆಮೇಲಿನ ಹುರಿಯುವಿಕೆಯಲ್ಲಿ.

ಆಗ ಕರ್ನಾಟಕ, ಕೇರಳ ಎರಡೂ ರಾಜ್ಯ ಸರ್ಕಾರಗಳ ಕೋರಿಕೆಯ ಮೇರೆಗೆ ಕೊಕ್ಕೊ ಕೊಳ್ಳಲು ಮುಂದೆ ಬಂದದ್ದು ಕ್ಯಾಂಪ್ಕೊ. ಅಡಿಕೆ ಬೆಳೆಗಾರರಿಗಾಗಿ 1973ರಲ್ಲಿ ವಾರಣಾಶಿ ಸುಬ್ರಾಯ ಭಟ್ಟರ ಮುಂದಾಳ್ತನದಲ್ಲಿ ಮಂಗಳೂರಿನಲ್ಲಿ ಹುಟ್ಟಿದ, ಕರ್ನಾಟಕ ಮತ್ತು ಕೇರಳ ಎರಡರಲ್ಲೂ ಸದಸ್ಯರಿರುವ ಸಹಕಾರಿ ಸಂಸ್ಥೆ ಅದು. ಕೊಂಡ ಬೀಜವನ್ನು ಏನು ಮಾಡುವುದು ಎಂಬ ಪ್ರಶ್ನೆಗೆ ಉತ್ತರ 1986ರಲ್ಲಿ ಪುತ್ತೂರಿನಲ್ಲಿ ನಿಂತಿತು. ಚಾಕೊಲೇಟು ಕಾರ್ಖಾನೆಯನ್ನು ರಾಷ್ಟ್ರಪತಿ ಜೈಲ್ ಸಿಂಗ್ ಉದ್ಘಾಟಿಸಿದರು. ತೋಟದ ರೈತರೇ ಒಡೆಯರಾದ ಚಾಕೊಲೇಟು ಕಾರ್ಖಾನೆ ಲೋಕದಲ್ಲಿ ಹೆಚ್ಚು ಕಾಣಸಿಗುವುದಿಲ್ಲ. ಜಗತ್ತಿನ ಅರ್ಧಕ್ಕೂ ಹೆಚ್ಚು ಕೊಕ್ಕೊ ಬೆಳೆಯುವ ಐವರಿ ಕೋಸ್ಟ್ ಮತ್ತು ಘಾನಾದ ರೈತರಲ್ಲಿ ಬಹಳ ಮಂದಿಗೆ ಚಾಕೊಲೇಟು ದುಬಾರಿ ವಸ್ತು.

ಚೆನ್ನೈನ ಕರಾವಳಿ ಮನೆಗಳಿಗೆ ಕ್ಯಾಂಪ್ಕೊ ಬಾರು, ಮೆಲ್ಟೊ ಮಂಗಳೂರು ರೈಲಿನಲ್ಲಿ ಚೀಲದೊಳಗೆ ಬರುತ್ತವೆ. ಸ್ವಿಸ್ ಚಾಕೊಲೇಟಿನ ಮುಂದೆ ಅವನ್ನಿಟ್ಟು ಹೋಲಿಸುವುದು ಅನ್ಯಾಯ, ಬೆಲೆಯೇ ಬೇರೆ. ಅದೇ ಬೆಲೆಯ ಬೇರೆ ಬಾರುಗಳ ಪಕ್ಕದಲ್ಲಿ ಅವು ತಲೆ ತಗ್ಗಿಸಬೇಕಿಲ್ಲ. ಇತ್ತೀಚೆಗೆ ಮೈಸೂರಿನ ನವಿಲೂನ, ಆರೋವಿಲ್ಲಿನ ಮೇಸನ್ ಆ್ಯಂಡ್ ಕೋ ಮುಂತಾದವರು ದಕ್ಷಿಣ ಭಾರತದ ಬೀಜದಿಂದಲೇ ದುಬಾರಿ ಕಪ್ಪು ಚಾಕೊಲೇಟು ಮಾಡಿ ತೋರಿಸಿದ್ದಾರೆ. ದೋಷ ಬೀಜದ್ದಲ್ಲ ಎಂಬುದು ಅಷ್ಟರಮಟ್ಟಿಗೆ ಇತ್ಯರ್ಥವಾಯಿತು. 2024ರಲ್ಲಿ ನ್ಯೂಯಾರ್ಕ್ ಪೇಟೆಯಲ್ಲಿ ಕೊಕ್ಕೊ ಟನ್ನಿಗೆ 10,000 ಡಾಲರ್ ದಾಟಿದಾಗ, ಕಡಿಯದೆ ಉಳಿಸಿಕೊಂಡ ಮರಗಳಿಗೆ ಪುತ್ತೂರಿನ ಕಡೆ ಒಳ್ಳೆಯ ಮರ್ಯಾದೆ ಬಂತು.

ಸೂಟ್‌ಕೇಸಿನಲ್ಲಿ ಬಂದದ್ದು

ಆಮದು ಸಡಿಲವಾಗುವ ಮೊದಲು ವಿದೇಶಿ ಚಾಕೊಲೇಟು ಬೇಕಾದರೆ ಬೀಚ್ ಸ್ಟೇಷನ್ ಬಳಿಯ ಬರ್ಮಾ ಬಜಾರಿಗೆ ಹೋಗಬೇಕಿತ್ತು, ಇಲ್ಲವೇ ಯಾರಾದರೂ ಊರಿಗೆ ಬರಬೇಕಿತ್ತು. ಈಗ ಎಲ್ಲ ಟಿ. ನಗರದ ಉಸ್ಮಾನ್ ರಸ್ತೆಯಲ್ಲೇ ಸಿಗುತ್ತವೆ, ಆದರೂ ಸೂಟ್‌ಕೇಸಿನ ಗತ್ತು ಹೋಗಿಲ್ಲ. ಅಮೆರಿಕದ ಹರ್ಷೀಸ್ ತಿಂದ ಅಜ್ಜಿಯರು ‘ಏನೋ ಕಮಟು’ ಎಂದರೆ ಅವರ ಮೂಗು ಸರಿಯಾಗಿಯೇ ಇದೆ. ಅದರ ಹಾಲಿನಲ್ಲಿ ಬ್ಯೂಟಿರಿಕ್ ಆಮ್ಲದ ಹುಳಿವಾಸನೆ ಇರುತ್ತದೆ, ಹಳಸಿದ ಬೆಣ್ಣೆಯಲ್ಲಿ ನಾರುವುದೂ ಅದೇ ಆಮ್ಲ. ಅಮೆರಿಕನ್ನರು ಅದರಲ್ಲೇ ಬೆಳೆದವರು, ಅವರಿಗೆ ಅದೇ ಚಾಕೊಲೇಟಿನ ಅಸಲು ರುಚಿ. ಬ್ರಿಟಿಷರಿಗೆ ಮಾತ್ರ ವಾಕರಿಕೆ.

ನೆದರ್‌ಲೆಂಡ್ಸ್, ಫಿನ್‌ಲೆಂಡಿನ ಕಪ್ಪು ಉಪ್ಪು ಮಿಠಾಯಿಯ ಕಥೆ ಇನ್ನೂ ವಿಚಿತ್ರ. ಅದರಲ್ಲಿರುವುದು ಜೇಷ್ಠಮಧು ಮತ್ತು ನವಸಾಗರ. ಒಂದು ಕೆಮ್ಮಿಗೆ ಅಜ್ಜಿ ಅಗಿಯಲು ಕೊಡುತ್ತಿದ್ದ ಬೇರು, ಇನ್ನೊಂದು ಪಾತ್ರೆಗೆ ಕಲಾಯಿ ಹಾಕುವವನ ಚೀಲದಲ್ಲಿ ಇರುತ್ತಿದ್ದ ಉಪ್ಪು. ಕನ್ನಡದ ಮಕ್ಕಳು ಉಗುಳಿದರೆ ಬೈಯಬಾರದು.

ಸಸ್ಯಾಹಾರಿ ಮನೆಗಳಲ್ಲಿ ರುಚಿಗಿಂತ ಮೊದಲು ಪೊಟ್ಟಣದ ಹಿಂಬದಿ ಓದುವ ಶಾಸ್ತ್ರವಿದೆ. ಯುರೋಪಿನ ಜೆಲ್ಲಿ ಮಿಠಾಯಿ, ಮಾರ್ಷ್‌ಮೆಲೊಗಳಲ್ಲಿ ಸಾಮಾನ್ಯವಾಗಿ ಜೆಲಟಿನ್ ಇರುತ್ತದೆ, ಅದು ದನ ಅಥವಾ ಹಂದಿಯ ಮೂಳೆ, ಚರ್ಮದಿಂದ ಬಂದದ್ದು. ಇ-120 ಎಂದಿದ್ದರೆ ಅದು ಹುಳದಿಂದ ತೆಗೆದ ಕೆಂಪು. ಭಾರತದಲ್ಲಿ ಹಸಿರು ಚುಕ್ಕೆ ನೋಡಿದರೆ ಕೆಲಸ ಮುಗಿಯಿತು. ಲೊಟ್ಟೆ ಚೆನ್ನೈ ಬಳಿ ತಯಾರಿಸುವ ಚೋಕೋ ಪೈ ಒಳಗಿನ ಮಾರ್ಷ್‌ಮೆಲೊ ಕೂಡ ಈ ಚುಕ್ಕೆಗಾಗಿಯೇ ಸಸ್ಯಾಹಾರಿಯಾಯಿತು.

ಬೇಕರಿ

ಮದ್ರಾಸಿಗೆ ಒಲೆಯ ರೊಟ್ಟಿ ಬ್ರಿಟಿಷರ ಜೊತೆ ಬಂತು. ವೇಪೇರಿಯ ಸ್ಮಿತ್ ಫೀಲ್ಡ್ 1885ರದು, ಮೆಕ್‌ರೆನೆಟ್ 1903ರದು. ಬ್ರೆಡ್ಡನ್ನು ಕಾಯಿಲೆಯವರ ಆಹಾರವೆಂದುಕೊಂಡಿದ್ದ, ಮೊಟ್ಟೆ ಮುಟ್ಟದ ಮನೆಗಳು ಅಲ್ಲಿಗೆ ಕಾಲಿಟ್ಟದ್ದು ತಡವಾಗಿ. ಆ ಮನೆಗಳ ಬಾಗಿಲು ತಟ್ಟಿದ್ದು ಬೆಂಗಳೂರಿನ ಅಯ್ಯಂಗಾರ್ ಬೇಕರಿ. 1898ರಲ್ಲಿ ಹಾಸನದ ಕಡೆಯಿಂದ ಬಂದ ಎಚ್.ಎಸ್. ತಿರುಮಲಾಚಾರ್ ಚಿಕ್ಕಪೇಟೆಯಲ್ಲಿ ಬೆಂಗಳೂರು ಬ್ರಾಹ್ಮಣರ ಬೇಕರಿ ತೆರೆದರು. ಖಾರಾ ಬನ್ನು, ಬೆಣ್ಣೆ ಬಿಸ್ಕತ್ತು, ಕಾಯಿಯ ದಿಲ್‌ಪಸಂದ್, ಪಾಕದಲ್ಲಿ ನೆಂದ ಹನಿ ಕೇಕು ಈ ಸಂಪ್ರದಾಯದವು. ಈಗ ಚೆನ್ನೈನಲ್ಲೂ ‘ಬೆಂಗಳೂರು ಅಯ್ಯಂಗಾರ್’ ಫಲಕಗಳು ಕಾಣುತ್ತವೆ. ಹಾಸನದ ಹೆಬ್ಬಾರ್ ಅಯ್ಯಂಗಾರರು ಮನೆಯಲ್ಲಿ ಆಡುವುದು ತಮಿಳಿನದೇ ಒಂದು ಬಗೆ. ತಲೆಮಾರುಗಳ ಹಿಂದೆ ತಮಿಳುನಾಡು ಬಿಟ್ಟವರ ಕೈಕಸುಬು ಕನ್ನಡದ ಊರಿನ ಹೆಸರು ಹೊತ್ತು ಮರಳಿ ಬಂದಂತಾಯಿತು.

ತಮಿಳುನಾಡಿನ ಸ್ವಂತ ಬೇಕರಿ ಹೆಮ್ಮೆಗಳು ಎರಡು. ಮೊಟ್ಟೆಯ ಬಿಳಿ, ಸಕ್ಕರೆ, ಗೋಡಂಬಿಯ ತೂತ್ತುಕುಡಿ ಮ್ಯಾಕರೂನ್, ಮತ್ತು ಕಟ್ಟಿಗೆ ಒಲೆಯಲ್ಲಿ ಬೇಯುವ, ಪದರ ಪದರದ ಊಟಿ ವರ್ಕಿ. ವರ್ಕಿಗೆ 2023ರಲ್ಲಿ ಭೌಗೋಳಿಕ ಸೂಚಕವೂ ಬಂತು. ಟೀಗೆ ಅದ್ದಿ ತಿನ್ನಲು ಅದಕ್ಕಿಂತ ಒಳ್ಳೆಯದು ನನಗೆ ಗೊತ್ತಿಲ್ಲ. ಹೊರನಾಡಿನ ಕ್ರುವಾಸಾನಿನಲ್ಲಿ ಬೆಣ್ಣೆ ಮಾಡುವ ಕೆಲಸವನ್ನು ವರ್ಕಿಯಲ್ಲಿ ಹೆಚ್ಚಾಗಿ ವನಸ್ಪತಿ ಮಾಡುತ್ತದೆ, ಹಾಗಾಗಿ ಗರಿಗರಿ ಸಿಗುತ್ತದೆ, ಘಮ ಕಡಿಮೆ.

ಕ್ರೀಮಿನ ಮೇಲೂ ಒಂದು ವಾದ ನಡೆಯಿತು, ಅದು ನಾಲಗೆಯದಲ್ಲ. 2024ರ ಸೆಪ್ಟೆಂಬರಿನಲ್ಲಿ ಕೊಯಮತ್ತೂರಿನ ಹೋಟೆಲ್ ಮಾಲೀಕರೊಬ್ಬರು ಕೇಂದ್ರ ಹಣಕಾಸು ಸಚಿವರ ಎದುರೇ ಹೇಳಿದ್ದರು: ಬನ್ನಿಗೆ ತೆರಿಗೆಯಿಲ್ಲ, ಒಳಗೆ ಕ್ರೀಮ್ ಹಾಕಿದರೆ ಶೇ. 18, ಗ್ರಾಹಕರು ಬನ್ನು, ಕ್ರೀಮು ಬೇರೆ ಬೇರೆ ಕೊಡಿ, ನಾವೇ ಹಚ್ಚಿಕೊಳ್ಳುತ್ತೇವೆ ಎನ್ನುತ್ತಿದ್ದಾರೆ ಎಂದು. ಮರುವರ್ಷ ಸೆಪ್ಟೆಂಬರ್ 22ರಿಂದ ಕೇಕು, ಬಿಸ್ಕತ್ತು, ಚಾಕೊಲೇಟು, ಸಕ್ಕರೆ ಮಿಠಾಯಿಗಳ ಜಿ.ಎಸ್.ಟಿ. ಶೇ. 5ಕ್ಕೆ ಇಳಿಯಿತು.